ಸಿದ್ಧಾಂತ ಬಸದಿಯ ಶ್ರುತಭಂಡಾರ: ಕಟ್ಟಡವೂ ಚರಿತ್ರೆಯೂ

ದಕ್ಷಿಣ ಕನ್ನಡ ಜಿಲ್ಲೆಯ ಮೂಡಬಿದಿರೆಯು ಹದಿನೆಂಟು ಬಸದಿಗಳ ಪಟ್ಟಣವೆಂದು ಖ್ಯಾತವಾಗಿದೆ. ಇವುಗಳ ಪೈಕಿ ವಾಸ್ತುಶಿಲ್ಪದ ಅಭ್ಯಾಸಿಗಳ ಲಕ್ಷ್ಯವನ್ನು ಹೆಚ್ಚಾಗಿ ಸೆಳೆದುದು 1430ರ ಸುಮಾರಿನಲ್ಲಿ ನಿರ್ಮಾಣಗೊಂಡ ತ್ರಿಭುವನತಿಲಕ ಚೂಡಾಮಣಿ ಚೈತ್ಯಾಲಯ, ಅರ್ಥಾತ್ ಸಾವಿರ ಕಂಬದ ಬಸದಿ. ಜೇಮ್ಸ್ ಫರ್ಗುಸನ್ ತನ್ನ 1876ರ ಗ್ರಂಥದಲ್ಲಿ ಈ ಊರಿನ ಇಳಿಜಾರು ಮಾಡುಗಳನ್ನು ನೇಪಾಳದ ಕಟ್ಟಡಗಳೊಡನೆ ಹೋಲಿಸಿದಂದಿನಿಂದ ಮೂಡಬಿದಿರೆಯ ಕಲ್ಲು, ಕಂಬ, ಕೆತ್ತನೆಗಳನ್ನು ಕುರಿತು ಸಾಕಷ್ಟು ಬರವಣಿಗೆ ನಡೆದಿದೆ. ಆದರೆ ಜೈನಾಗಮದ ಅಭ್ಯಾಸಿಗಳಿಗೆ ಮೂಡಬಿದಿರೆ ಎಂದೊಡನೆ ಸ್ಮರಣೆಗೆ ಬರುವುದು ಬೇರೊಂದು ಕಟ್ಟಡ. ಅದಕ್ಕೆ ಮೂರು ಹೆಸರುಗಳುಂಟು. ಊರಿನ ಬಸದಿಗಳಲ್ಲಿ ಪ್ರಾಚೀನವಾದುದರಿಂದ ಹಳೆಯ ಬಸದಿ. ಗುರುಪೀಠದ ಸಂಬಂಧದಿಂದ ಗುರುಬಸದಿ. ಧವಲ, ಜಯಧವಲ, ಮಹಾಧವಲಗಳೆಂಬ ಸಿದ್ಧಾಂತಗ್ರಂಥಗಳನ್ನು ತನ್ನ ಒಡಲಲ್ಲಿ ಇರಿಸಿಕೊಂಡುದರಿಂದ ಸಿದ್ಧಾಂತ ಬಸದಿ. ಜಿನಾಲಯಗಳು ಮೂಲನಾಯಕನ ಹೆಸರಿನಿಂದಲೋ, ಕಟ್ಟಿಸಿದವರ ಹೆಸರಿನಿಂದಲೋ, ನಿಂತ ಕೇರಿಯ ಹೆಸರಿನಿಂದಲೋ ಪ್ರಸಿದ್ಧವಾಗುವುದು ವಾಡಿಕೆ. ಪುಸ್ತಕಗಳ ಕಾರಣದಿಂದ ಹೆಸರು ಪಡೆದ ಜಿನಾಲಯ ವಿರಳ. ಈ ಮೂರನೆಯ ಹೆಸರನ್ನು ಗಂಭೀರವಾಗಿ ಪರಿಗಣಿಸಿ, ಈ ಕಟ್ಟಡವನ್ನು ಒಂದು ಗ್ರಂಥಾಲಯವೆಂದೇ ಭಾವಿಸಿ ಅದರ ರಚನೆಯನ್ನೂ ಚರಿತ್ರೆಯನ್ನೂ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಗ್ರಂಥಾಲಯ ಎಂಬ ಮಾತಿನಿಂದ ಇಂದು ಮನಸ್ಸಿಗೆ ಬರುವುದು ಬೆಳಕು, ಗಾಳಿ, ಕಿಟಕಿ, ಮೇಜು ಮತ್ತು ಓದುಗ. ತುಳುನಾಡಿನ ಬಸದಿಯಲ್ಲಿ ಇವುಗಳಲ್ಲಿ ಯಾವುದಕ್ಕೂ ಪ್ರಾಧಾನ್ಯವಿಲ್ಲ. ಮುರಕಲ್ಲಿನ ಎತ್ತರದ ಪ್ರಾಕಾರ, ಅದರೊಳಗೆ ಅಂಗಣ, ಅಂಗಣದ ನಡುವೆ ಎತ್ತರಿಸಿದ ಜಗಲಿಯ ಮೇಲೆ ಶಿಲಾಮಯ ಕಟ್ಟಡ. ಸುತ್ತಲೂ ಮೊಳಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ದೊಡ್ಡ ದೊಡ್ಡ ಕಲ್ಲಿನ ಚಪ್ಪಡಿಗಳನ್ನು ಹೊರಕ್ಕೆ ಓರೆಯಾಗಿ ಇಳಿಬಿಟ್ಟು ಸೂರು ಮಾಡಿರುತ್ತಾರೆ. ಮರದ ಹಲಗೆಗಳನ್ನು ಜೋಡಿಸುವ ಬಡಗಿಯ ಕ್ರಮವನ್ನೇ ಕಲ್ಲುಕುಟಿಗನು ಅನುಸರಿಸಿದ್ದಾನೆಂಬುದು ಚಪ್ಪಡಿಗಳ ಸಂದುಗಳನ್ನು ನೋಡಿದವರಿಗೆ ಥಟ್ಟನೆ ಹೊಳೆಯುತ್ತದೆ. ಒಂದರ ಹಿಂದೆ ಒಂದರಂತೆ ಮಂಟಪಗಳನ್ನು ದಾಟಿ ಒಳಕ್ಕೆ ಹೋದಂತೆ ಬಾಗಿಲುಗಳು ಕಿರಿದಾಗುತ್ತವೆ, ಬೆಳಕು ಕುಂದುತ್ತದೆ, ಕಲ್ಲಿನ ತಂಪು ಹೆಚ್ಚುತ್ತದೆ. ಕಟ್ಟಕಡೆಗೆ ಗರ್ಭಗೃಹದಲ್ಲಿ ಸುಮಾರು 12 ಅಡಿ ಎತ್ತರದ, ಕಪ್ಪು ಶಿಲೆಯ ಶ್ರೀ ಪಾರ್ಶ್ವನಾಥಸ್ವಾಮಿಯ ಕಾಯೋತ್ಸರ್ಗ ಬಿಂಬ.

ಪೂಜಾಸ್ಥಾನಕ್ಕೆ ಉಚಿತವಾದ ಈ ರಚನೆಯು ತಾಳೆಗರಿಗೂ ಉಚಿತವಾಗಿದ್ದುದು ಕೇವಲ ಆಕಸ್ಮಿಕವೆಂದು ತಳ್ಳಿಬಿಡಲಾಗದು. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಪ್ರದೇಶವಿದು. ಗರಿಗೆ ಇಲ್ಲಿ ಶತ್ರುಗಳು ಮೂರು: ಇರುಚಲು, ತೇವ, ಹುಳು. ಇರುಚಲನ್ನು ತಡೆಯುವುದಕ್ಕೆ ಓರೆ ಸೂರು, ನೆಲದ ತೇವ ಏರದಂತೆ ಎತ್ತರದ ಜಗಲಿ, ಹೊರಗಿನ ಹವೆಯ ಏರಿಳಿತ ಒಮ್ಮೆಲೇ ಒಳಗೆ ತಟ್ಟದಂತೆ ಪದರಪದರವಾದ ಮಂಟಪಗಳು. ಮನೆಯ ಅಟ್ಟದಲ್ಲಿ ಹೊಗೆ ಹಿಡಿದು ಉಳಿದ ಗರಿಗಳ ಕಟ್ಟುಗಳನ್ನೂ, ಮಾಡು ಸೋರಿ ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆಯಂತಾದ ಕಟ್ಟುಗಳನ್ನೂ ಬಿಡಿಸಲು ಹೆಣಗಿದವರಿಗೆ ಈ ಮಾತಿನ ಬೆಲೆ ತಿಳಿಯುತ್ತದೆ. ಜೈಸಲ್ಮೇರಿನ ಜಿನಭದ್ರಸೂರಿ ಜ್ಞಾನಭಂಡಾರದೊಡನೆ ಹೋಲಿಸಿದರೆ ವಿಷಯ ಇನ್ನಷ್ಟು ಸ್ಫುಟವಾಗುತ್ತದೆ. ಅಲ್ಲಿ ಗ್ರಂಥಗಳನ್ನು ಇರಿಸಿದ್ದು ಸಂಭವನಾಥ ಜಿನಾಲಯದ ನೆಲಮಾಳಿಗೆಯಲ್ಲಿ. ಮರುಭೂಮಿಯ ಒಣ ನೆಲದ ಅಡಿಯಲ್ಲಿ ಗರಿ ಸುಖವಾಗಿರುತ್ತದೆ. ತುಳುನಾಡಿನಲ್ಲಿ ನೆಲಮಾಳಿಗೆ ತೋಡಿದರೆ ಆಷಾಢದಲ್ಲಿ ಅದು ಬಾವಿಯೇ ಆದೀತು. ಎರಡೂ ಕಡೆ ಉದ್ದೇಶ ಒಂದೇ, ಉಪಾಯ ಮಾತ್ರ ನೆಲಕ್ಕೆ ತಕ್ಕಂತೆ.

ಇದಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿ ಶ್ರುತಪಂಚಮಿಯ ಪರ್ವ. ಪುಷ್ಪದಂತ-ಭೂತಬಲಿ ಆಚಾರ್ಯರ ಷಟ್ಖಂಡಾಗಮವು ಪುಸ್ತಕಾರೂಢವಾಗಿ ಪೂಜೆಗೊಂಡ ದಿನವೆಂದು ಜ್ಯೇಷ್ಠ ಶುಕ್ಲ ಪಂಚಮಿಯನ್ನು ಆಚರಿಸುವುದು ಸರ್ವವಿದಿತ. ಅಂದು ಗ್ರಂಥಗಳನ್ನು ಹೊರತೆಗೆದು, ಹಳೆಯ ಬಟ್ಟೆ ಬಿಚ್ಚಿ, ಧೂಳು ಒರಸಿ, ದಾರ ಪರೀಕ್ಷಿಸಿ, ಹೊಸ ಬಟ್ಟೆಯಲ್ಲಿ ಸುತ್ತಿ ಪೂಜಿಸುವ ಕ್ರಮವುಂಟು. ಕರಾವಳಿಯಲ್ಲಿ ಈ ತಿಥಿ ಬೀಳುವುದು ಮುಂಗಾರು ಹಿಡಿಯುವ ಹೊಸ್ತಿಲಲ್ಲಿ. ಅದಕ್ಕೆ ಮುಂಚೆ ಬಿಸಿಲು ಬಲ್ಲಿದ. ಅದರ ನಂತರ ನಾಲ್ಕು ತಿಂಗಳು ಗರಿಯನ್ನು ಬಿಚ್ಚುವುದೇ ಅಪಾಯ. ಪರ್ವದ ಮೂಲಕಾರಣ ಶಾಸ್ತ್ರೀಯವೇ ಆದರೂ ಭಂಡಾರದ ಪಾಲಿಗೆ ಅದು ವಾರ್ಷಿಕ ತಪಾಸಣೆಯ ದಿನವಾಗಿ ಒದಗಿಬಂದಿದೆ. ಪೂಜೆಯಿಲ್ಲದ ಊರಿನಲ್ಲಿ ಗರಿಗಳು ಉಳಿದುದು ಕಡಮೆ ಎಂಬುದನ್ನು ಗ್ರಂಥಶೋಧಕರು ಬಲ್ಲರು.

ಈ ಭಂಡಾರದ ಪ್ರಮುಖ ಪ್ರತಿಗಳು ತುಳುನಾಡಿನಲ್ಲಿ ಹುಟ್ಟಿದವಲ್ಲ. ಧವಲದ ತಾಡಪತ್ರ ಪ್ರತಿಯ ಪ್ರಶಸ್ತಿಯಲ್ಲಿ ಮಂಡಲಿನಾಡಿನ ಭುಜಬಲ ಗಂಗಪೆರ್ಮಾಡಿದೇವನ ಮನೆತನದ ದೇಮಿಯಕ್ಕನು ಶ್ರುತಪಂಚಮೀ ವ್ರತದ ಉದ್ಯಾಪನೆಯ ಸಂದರ್ಭದಲ್ಲಿ ಈ ಗ್ರಂಥವನ್ನು ಬರೆಯಿಸಿ ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ದಾನ ಮಾಡಿದ ಸಂಗತಿಯಿದೆ. ಮಂಡಲಿನಾಡು ಇಂದಿನ ಶಿವಮೊಗ್ಗದ ಪರಿಸರ. ಈ ಶುಭಚಂದ್ರರನ್ನು ದಂಡನಾಯಕ ಗಂಗರಾಜನ ಗುರುಗಳೆಂದು ವಿದ್ವಾಂಸರು ಗುರುತಿಸಿದ್ದಾರೆ. ಅವರು 1123ರಲ್ಲಿ ಸಮಾಧಿಸ್ಥರಾದುದು ಶ್ರವಣಬೆಳಗೊಳದ ಶಾಸನದಿಂದ ತಿಳಿದುಬರುವುದರಿಂದ ಪ್ರತಿಯ ಕಾಲವು ಹನ್ನೆರಡನೆಯ ಶತಮಾನದ ಆದಿಭಾಗಕ್ಕೆ ನಿಲ್ಲುತ್ತದೆ. ಶಿಷ್ಯನು ಗೊಮ್ಮಟೇಶ್ವರನಿಗೆ ಸುತ್ತಾಲಯ ಕಟ್ಟಿಸಿದ; ಗುರುವಿಗೆ ಬಂದ ಪುಸ್ತಕಕ್ಕೆ ಸುತ್ತಾಲಯ ದೊರೆತುದು ಘಟ್ಟದ ಕೆಳಗೆ. ಮಹಾಬಂಧದ ಪ್ರತಿಯೂ ಅಂಥದೇ ದಾನದ ಫಲ: ಮಲ್ಲಿಕಬ್ಬೆಯೆಂಬ ರಾಜಪತ್ನಿಯು ಶ್ರೀಪಂಚಮೀ ವ್ರತದ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದುದು. ಎರಡು ಮಹಾಗ್ರಂಥಗಳ ಉಳಿವಿನ ಹಿಂದೆಯೂ ಇಬ್ಬರು ಗೃಹಸ್ಥ ಸ್ತ್ರೀಯರಿದ್ದಾರೆ. ಈ ಮಾತನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಬರೆಯಿಸಿದ ಪುಸ್ತಕದ ಗಾತ್ರವನ್ನು ಒಂದಿಷ್ಟು ಗಮನಿಸಬೇಕು. ವೀರಸೇನಾಚಾರ್ಯರ ಧವಲಾ ಟೀಕೆಯ ಪ್ರಮಾಣ 72 ಸಾವಿರ ಶ್ಲೋಕಗಳೆಂದು ಪರಂಪರೆಯ ಲೆಕ್ಕ. ಮೂವತ್ತೆರಡಕ್ಷರಕ್ಕೆ ಒಂದು ಶ್ಲೋಕವೆಂದರೆ 23 ಲಕ್ಷಕ್ಕೂ ಮಿಕ್ಕಿದ ಅಕ್ಷರಗಳು. ಜಯಧವಲಾ 60 ಸಾವಿರ. ಅದರಲ್ಲಿ ಮೊದಲ 20 ಸಾವಿರ ವೀರಸೇನರದು, ಉಳಿದ 40 ಸಾವಿರ ಶಿಷ್ಯರಾದ ಜಿನಸೇನರದು. ಮುಗಿದುದು ಶಕ 759ರಲ್ಲಿ, ಅಂದರೆ ಕ್ರಿ. ಶ. 837ರಲ್ಲಿ. ಇಂಥ ಗ್ರಂಥವನ್ನು ಗರಿಯ ಮೇಲೆ ಹಳಗನ್ನಡ ಲಿಪಿಯಲ್ಲಿ ಮೂಡಿಸಿ, ಕೆಲವು ಗರಿಗಳ ಮೇಲೆ ಬಣ್ಣದ ಚಿತ್ರಗಳನ್ನೂ ಬರೆದಿದ್ದಾರೆ. ದಿಗಂಬರ ಸಂಪ್ರದಾಯದ ಸಚಿತ್ರ ಹಸ್ತಪ್ರತಿಗಳಲ್ಲಿ ಇವು ಅತ್ಯಂತ ಪ್ರಾಚೀನವಾದವುಗಳ ಸಾಲಿಗೆ ಸೇರುತ್ತವೆ. ಧವಲದ ಪ್ರತಿಗಳು ಇಲ್ಲಿ ಒಂದಲ್ಲ, ಮೂರು. ಅವುಗಳಲ್ಲಿ ಎರಡು ಅಪೂರ್ಣ. ಬೇರೆಲ್ಲಿಯೂ ಇವುಗಳ ಪ್ರಾಚೀನ ಪ್ರತಿ ಉಳಿಯಲಿಲ್ಲವೆಂಬುದೇ ಸಿದ್ಧಾಂತ ಬಸದಿಯ ಮಹತ್ತ್ವ.

ಬೇರೆಲ್ಲಿಯೂ ಏಕೆ ಉಳಿಯಲಿಲ್ಲ? ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಶಾಸ್ತ್ರದಾನದ ಪರಂಪರೆ ಅಷ್ಟು ಉದಾರವಾಗಿದ್ದ ನಾಡಿನಲ್ಲಿಯೇ ಆಗಮದ ಮೂಲವು ಒಂದು ಕಟ್ಟಡದ ಒಂದು ಮೂಲೆಗೆ ಇಳಿದುದಕ್ಕೆ ಕನಿಷ್ಠ ಎರಡು ಕಾರಣಗಳನ್ನು ಹೇಳಬಹುದು. ಮೊದಲನೆಯದು, ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರ. ಸಿದ್ಧಾಂತದ ಸಾರವೆಲ್ಲ ಗಾಥೆಗಳಲ್ಲಿ ದೊರಕಿದ ಮೇಲೆ ಕಲಿಯುವವರೂ ಕಲಿಸುವವರೂ ಅದನ್ನೇ ಹಿಡಿದರು. ಕೇಶವವರ್ಣಿಯು 1359ರಲ್ಲಿ ಕನ್ನಡದಲ್ಲಿ ಟೀಕೆ ಬರೆದುದು ಗೊಮ್ಮಟಸಾರಕ್ಕೆ. ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ವಚನಿಕೆ ಬರೆದುದೂ ಅದಕ್ಕೇ. ಸಂಗ್ರಹಗ್ರಂಥವೊಂದು ಉತ್ತಮವಾದಷ್ಟೂ ಮೂಲಕ್ಕೆ ಅಪಾಯ ಹೆಚ್ಚು. ಎರಡನೆಯದು ಅಧಿಕಾರದ ಪ್ರಶ್ನೆ. ದೇಶವಿರತರಿಗೆ, ಎಂದರೆ ಗೃಹಸ್ಥ ಶ್ರಾವಕರಿಗೆ, ಸಿದ್ಧಾಂತರಹಸ್ಯದ ಅಧ್ಯಯನದಲ್ಲಿ ಅಧಿಕಾರವಿಲ್ಲವೆಂದು ವಸುನಂದಿಯ ಶ್ರಾವಕಾಚಾರದಲ್ಲಿಯೂ, ಆಶಾಧರಸೂರಿಯ ಸಾಗಾರಧರ್ಮಾಮೃತದಲ್ಲಿಯೂ ನಿಯಮವಿದೆ. ಮುನಿಸಂಘ ವಿರಳವಾದ ಕಾಲದಲ್ಲಿ ಈ ನಿಯಮದ ಪರಿಣಾಮ ಏನಾಯಿತೆಂದು ಊಹಿಸುವುದು ಕಷ್ಟವಲ್ಲ. ಓದಬಲ್ಲ ಶ್ರಾವಕನಿಗೆ ಅಧಿಕಾರವಿಲ್ಲ. ಅಧಿಕಾರವುಳ್ಳ ಮುನಿ ಎದುರಿಗಿಲ್ಲ. ಬರೆಯಿಸಿದ ಇಬ್ಬರೂ ಗೃಹಸ್ಥೆಯರು. ಬರೆಯಿಸುವ ಪುಣ್ಯಕ್ಕೆ ಅವರು ಅರ್ಹರು, ಓದುವುದಕ್ಕೆ ಅಲ್ಲ.

ಹೀಗೆ ಗ್ರಂಥವು ದರ್ಶನದ ವಸ್ತುವಾಯಿತು. ಮೂಡಬಿದಿರೆಗೆ ಬಂದ ಯಾತ್ರಿಕರಿಗೆ ರತ್ನಬಿಂಬಗಳನ್ನು ತೋರಿಸಿದಂತೆಯೇ ಸಿದ್ಧಾಂತಗ್ರಂಥಗಳನ್ನೂ ತೋರಿಸುವ ಪದ್ಧತಿ ಬೆಳೆಯಿತು. ಇದಕ್ಕೆ ‘ಸಿದ್ಧಾಂತದರ್ಶನ’ವೆಂದೇ ಹೆಸರು. ಕೈಮುಗಿದು, ಕಾಣಿಕೆಯಿರಿಸಿ, ಹಿಂದಿರುಗುವುದು. ಕಟ್ಟಡದ ರಚನೆಯೂ ಈ ನಡವಳಿಕೆಯೂ ಪರಸ್ಪರ ಒಪ್ಪುತ್ತವೆ: ಹೊರಗಿನಿಂದ ಒಳಕ್ಕೆ ಮಂಟಪದಿಂದ ಮಂಟಪಕ್ಕೆ ಕ್ರಮಿಸಿ ಕೊನೆಯಲ್ಲಿ ಬಿಂಬವನ್ನು ಕಾಣುವ ದಾರಿಯಲ್ಲಿಯೇ ಪುಸ್ತಕವನ್ನೂ ಕಾಣಬೇಕು. ಕುಳಿತು ಓದುವ ಜಾಗವೊಂದನ್ನು ಕಟ್ಟಿದವರು ಕಲ್ಪಿಸಿರಲಿಲ್ಲ. ಇದನ್ನು ಅಜ್ಞಾನವೆಂದು ಜರೆಯುವುದು ಕೆಲವರಿಗೆ ಅಭ್ಯಾಸವಾಗಿದೆ. ಜರೆಯುವವರು ಯೋಚಿಸಬೇಕಾದುದಿಷ್ಟೆ: ದರ್ಶನದ ವಸ್ತುವಾಗಿರದಿದ್ದಲ್ಲಿ ಎಂಟುನೂರು ಮಳೆಗಾಲಗಳನ್ನು ಆ ಗರಿಗಳು ದಾಟುತ್ತಿದ್ದವೆಂಬುದಕ್ಕೆ ಏನು ಭರವಸೆ?

ಬಾಗಿಲು ಸಡಿಲಗೊಂಡ ವೃತ್ತಾಂತವನ್ನು ಪ್ರೊ. ಹೀರಾಲಾಲ ಜೈನರು ಧವಲದ ಮೊದಲ ಸಂಪುಟದ ಪ್ರಸ್ತಾವನೆಯಲ್ಲಿ ಸವಿಸ್ತಾರವಾಗಿ ದಾಖಲಿಸಿದ್ದಾರೆ. 1883ರಲ್ಲಿ ಮುಂಬಯಿಯ ಶೇಠ್ ಮಾಣಿಕಚಂದರು ಸಂಘದೊಡನೆ ಮೂಡಬಿದಿರೆಗೆ ಬಂದು, ದರ್ಶನಕ್ಕಾಗಿ ಹೊರತೆಗೆದ ಗರಿಗಳು ಜೀರ್ಣವಾಗುತ್ತಿರುವುದನ್ನು ಕಂಡರು. ಸೊಲ್ಲಾಪುರದ ಶೇಠ್ ಹೀರಾಚಂದ ನೇಮಚಂದರಿಗೆ ಈ ಸಂಗತಿಯನ್ನು ತಿಳಿಸಿದಾಗ ಅವರೂ ಬಂದು, ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳಿಂದ ಧವಲದ ಮಂಗಲಾಚರಣವನ್ನು ಓದಿಸಿ ಕೇಳಿದರು. ಹಳೆಯ ಲಿಪಿಯನ್ನು ನಿರರ್ಗಳವಾಗಿ ಓದಬಲ್ಲವರು ಆಗಲೇ ಬೆರಳೆಣಿಕೆಗೆ ಇಳಿದಿದ್ದರು. ಅಜಮೇರಿನ ಶೇಠರೊಬ್ಬರು ತಮ್ಮ ಊರಿಗಾಗಿ ಪ್ರತಿ ಮಾಡಿಸಲು ಯತ್ನಿಸಿದಾಗ ಪಂಚರು ಒಪ್ಪಲಿಲ್ಲ. ಆರಂಭವಾದ ಬರವಣಿಗೆ ಅಲ್ಪಭಾಗಕ್ಕೇ ನಿಂತಿತು. ಕೊನೆಗೆ ಒಪ್ಪಿಗೆ ದೊರೆತುದು ಒಂದು ನಿಬಂಧನೆಯ ಮೇಲೆ: ಪ್ರತಿ ಮಾಡಬಹುದು, ಆದರೆ ಆ ಪ್ರತಿಯೂ ಮೂಡಬಿದಿರೆಯಲ್ಲಿಯೇ ಇರತಕ್ಕದ್ದು.

1896ರಲ್ಲಿ ಕೆಲಸ ಪ್ರಾರಂಭವಾಯಿತು. ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ನಾಗರಿಗೆ ತಿರುಗಿಸತೊಡಗಿದರು. ಜಯಧವಲದ ಸ್ವಲ್ಪ ಭಾಗ ಮುಗಿಯುವಷ್ಟರಲ್ಲಿ ಬ್ರಹ್ಮಸೂರಿಗಳು ಸ್ವರ್ಗಸ್ಥರಾದರು. ಗಜಪತಿಗಳು ಒಬ್ಬರೇ ಮುಂದುವರಿದರು. ಜೊತೆಜೊತೆಗೆ ದೇವರಾಜ ಶ್ರೇಷ್ಠಿ, ಶಾಂತಪ್ಪ ಉಪಾಧ್ಯಾಯ, ಬ್ರಹ್ಮಯ್ಯ ಇಂದ್ರ ಇವರು ಕನ್ನಡ ಪ್ರತಿಯನ್ನು ಸಿದ್ಧಗೊಳಿಸಿದರು. ಮಹಾಧವಲದ ಕನ್ನಡ ಪ್ರತಿಯನ್ನು ನೇಮಿರಾಜ ಶ್ರೇಷ್ಠಿಗಳೂ ನಾಗರೀ ಪ್ರತಿಯನ್ನು ಪಂಡಿತ ಲೋಕನಾಥ ಶಾಸ್ತ್ರಿಗಳೂ ಮುಗಿಸಿದರು. ಎಲ್ಲವೂ ಪೂರ್ಣವಾದುದು 1922ರಲ್ಲಿ. ಇಪ್ಪತ್ತಾರು ವರ್ಷಗಳ ಕಾಲ ಒಂದು ಸಣ್ಣ ಪಟ್ಟಣದ ಒಳಗೆ ಕುಳಿತು ಅಕ್ಷರಕ್ಕೆ ಅಕ್ಷರ ಕೂಡಿಸಿದ ಈ ಲಿಪಿಕಾರರ ಶ್ರಮಕ್ಕೆ ಸಿಗಬೇಕಾದ ಗೌರವ ಸಂಪೂರ್ಣವಾಗಿ ಸಿಕ್ಕಿಲ್ಲ. ಮುದ್ರಿತ ಸಂಪುಟವನ್ನು ಕೈಯಲ್ಲಿ ಹಿಡಿದವರಿಗೆ ಸಂಪಾದಕರ ಹೆಸರು ಕಾಣುತ್ತದೆ, ದ್ರವ್ಯದಾನಿಗಳ ಹೆಸರು ಕಾಣುತ್ತದೆ. ಬೆನ್ನು ಬಾಗಿಸಿ ಗರಿ ಓದಿದವನ ಹೆಸರು ಪ್ರಸ್ತಾವನೆಯ ಒಂದು ಸಾಲಿನಲ್ಲಿ ಅಡಗಿರುತ್ತದೆ.

ನಿಬಂಧನೆಯ ಪ್ರಕಾರ ಆ ಪ್ರತಿಗಳೂ ಅದೇ ಭಂಡಾರವನ್ನು ಸೇರಿದವು. ಆದರೂ ಸಿದ್ಧಾಂತವು ಊರಿನ ಗಡಿಯನ್ನು ದಾಟಿತ್ತು. ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಮಾಡಿಕೊಂಡಿದ್ದರು. ಅದನ್ನು ಸೊಲ್ಲಾಪುರದಲ್ಲಿ ಸ್ವೀಕರಿಸಲಿಲ್ಲ. ಸಹಾರನಪುರದ ಲಾಲಾ ಜಂಬೂಪ್ರಸಾದರು ಸ್ವೀಕರಿಸಿ ತಮ್ಮ ಮಂದಿರದಲ್ಲಿರಿಸಿದರು. ಅಲ್ಲಿ 1916ರಿಂದ 1923ರ ವರೆಗೆ ವಿಜಯಚಂದ್ರಯ್ಯ ಮತ್ತು ಸೀತಾರಾಮ ಶಾಸ್ತ್ರಿಗಳು ಅದನ್ನು ನಾಗರಿಗೆ ಇಳಿಸಿದರು. ಸೀತಾರಾಮ ಶಾಸ್ತ್ರಿಗಳು ತಮ್ಮಲ್ಲಿ ಉಳಿಸಿಕೊಂಡ ಕರಡಿನಿಂದ ಆರಾ, ಕಾರಂಜಾ, ಅಮರಾವತಿ ಮೊದಲಾದ ಅನೇಕ ಊರುಗಳಿಗೆ ಪ್ರತಿಗಳು ಹೋದವು. ಗಮನಿಸಬೇಕಾದ ಸಂಗತಿಯೆಂದರೆ, ಹೊರಗೆ ಹಬ್ಬಿದ ಪ್ರತಿಯೊಂದು ಪುಸ್ತಕವೂ ಒಂದೇ ಗುಪ್ತ ಪ್ರತಿಯ ಸಂತಾನ. ಮೂಲದ ಲಿಪಿಯಿಂದ ಹೊಸಗನ್ನಡಕ್ಕೆ, ಅಲ್ಲಿಂದ ನಾಗರಿಗೆ, ಕರಡಿನಿಂದ ಮತ್ತೆ ಪ್ರತಿಗೆ ಹೀಗೆ ಮೂರು ನಾಲ್ಕು ಕೈ ದಾಟಿದ ಪಾಠ ಅದು. ಒಂದು ಕೈ ತಪ್ಪಿದರೆ ಹತ್ತು ಊರುಗಳ ಪ್ರತಿಗಳೂ ಏಕಕಂಠದಿಂದ ಅದೇ ತಪ್ಪನ್ನು ಹೇಳುತ್ತವೆ.

ಗಜಪತಿಗಳ ನಡೆಯನ್ನು ಕುರಿತು ಪಂಡಿತರಲ್ಲಿ ಎರಡು ಮತಗಳುಂಟು. ವಚನಭಂಗವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಅದಿಲ್ಲದಿದ್ದರೆ 1939ರಲ್ಲಿ ಅಮರಾವತಿಯಿಂದ ಧವಲದ ಮೊದಲ ಸಂಪುಟ ಹೊರಬೀಳುತ್ತಿರಲಿಲ್ಲವೆಂಬುದನ್ನೂ ಅಲ್ಲಗಳೆಯಲಾರರು. ಭಂಡಾರದ ಕಾವಲುಗಾರರೇ ಕಾಲವನ್ನರಿತು ಬಾಗಿಲು ತೆರೆದಿದ್ದಲ್ಲಿ ಲಿಪಿಕಾರನೊಬ್ಬನು ಈ ಧರ್ಮಸಂಕಟಕ್ಕೆ ಸಿಲುಕುತ್ತಿರಲಿಲ್ಲವೆಂಬುದಷ್ಟೇ ಇಲ್ಲಿ ಹೇಳತಕ್ಕ ಮಾತು.

ಆ 1939ನೆಯ ವರ್ಷವೇ ಗುಜರಾತಿನ ಪಾಟಣದಲ್ಲಿ ಹೇಮಚಂದ್ರಾಚಾರ್ಯ ಜ್ಞಾನಮಂದಿರದ ಉದ್ಘಾಟನೆಯಾಯಿತು. ಮುನಿ ಪುಣ್ಯವಿಜಯರ ಪ್ರೇರಣೆಯಿಂದ, ಪಾಡಾಪಾಡಾಗಳಲ್ಲಿ ಚದುರಿದ್ದ ಭಂಡಾರಗಳನ್ನು ಒಂದೆಡೆ ತರುವುದಕ್ಕಾಗಿ, ಹಸ್ತಪ್ರತಿಗಳಿಗೆಂದೇ ಹೊಸತಾಗಿ ಕಟ್ಟಿದ ಕಟ್ಟಡವದು. ಅಲ್ಲಿ ಕಟ್ಟಡ ಬದಲಾಯಿತು. ಮೂಡಬಿದಿರೆಯಲ್ಲಿ ಕಟ್ಟಡ ಹಾಗೆಯೇ ಇದ್ದು ಬಳಕೆ ಬದಲಾಯಿತು. ಆ ಬದಲಾವಣೆಯ ಎರಡು ಘಟ್ಟಗಳು ಮುಖ್ಯವಾದವು.

ಮೊದಲನೆಯದು ಮಹಾಬಂಧದ ವಿಷಯ. ಧವಲದ ಆರಂಭದ ಸಂಪುಟಗಳು ಪ್ರಕಟವಾಗುತ್ತಿದ್ದಾಗ, ಮಹಾಧವಲವೆಂದು ಕರೆಯಲಾಗುತ್ತಿದ್ದ ಪ್ರತಿಯೊಳಗೆ ಭೂತಬಲಿ ಆಚಾರ್ಯರ ಮಹಾಬಂಧವೇ ಇದೆಯೆಂಬುದು ಸಂಪಾದಕರಿಗೆ ನಿಶ್ಚಿತವಾಗಿರಲಿಲ್ಲ. ಹೊರಗೆ ಬಂದಿದ್ದ ವಿವರಗಳು ಆ ಪ್ರತಿಯ ಆದಿಭಾಗದವು, ಆದಿಭಾಗದಲ್ಲಿದ್ದುದು ಸತ್ಕರ್ಮಪಂಜಿಕೆ. ಷಟ್ಖಂಡಾಗಮದ ಆರನೆಯ ಖಂಡವು ನಷ್ಟವಾಯಿತೇ ಎಂಬ ಆತಂಕ ಹುಟ್ಟಿದುದು ಸಹಜ. ಮೂಡಬಿದಿರೆಯ ಭಟ್ಟಾರಕರೂ ಪಂಚರೂ ಸಹಕಾರಕ್ಕೆ ಮುಂದಾದ ಮೇಲೆ ಲೋಕನಾಥ ಶಾಸ್ತ್ರಿಗಳು ಗರಿಗಳನ್ನು ಪರೀಕ್ಷಿಸಿ, ಪಂಜಿಕೆಯ ನಂತರ ಬರುವುದು ಮಹಾಬಂಧವೇ ಎಂದು ನಿರ್ಣಯಿಸಿ ತಿಳಿಸಿದರು. ಎಷ್ಟು ವಿಚಿತ್ರವೆಂದರೆ, ಅದೇ ಗ್ರಂಥದ ಪೂರ್ಣ ಪ್ರತಿ 1922ರಲ್ಲಿಯೇ ಅವರ ಕೈಯಿಂದಲೇ ಮುಗಿದು ಭಂಡಾರದಲ್ಲಿತ್ತು. ಮೂಲವೂ ಇತ್ತು, ಎರಡು ಲಿಪಿಗಳ ಪ್ರತಿಗಳೂ ಇದ್ದವು. ಆದರೆ ಒಳಗೆ ಏನಿದೆಯೆಂಬ ಒಂದು ಸೂಚಿ ಹೊರಗೆ ಇಲ್ಲದ್ದರಿಂದ ವಿದ್ವಲ್ಲೋಕದ ಪಾಲಿಗೆ ಆಗಮದ ಒಂದು ಖಂಡವೇ ಸಂದಿಗ್ಧವಾಗಿ ಉಳಿಯಿತು. ಭಾರತೀಯ ಜ್ಞಾನಪೀಠವು ಮಹಾಬಂಧದ ಮೊದಲ ಸಂಪುಟವನ್ನು 1947ರಲ್ಲಿ ಪ್ರಕಟಿಸಿತು.

ಎರಡನೆಯದು ಸತ್ಪ್ರರೂಪಣೆಯ 93ನೆಯ ಸೂತ್ರ. ಮನುಷ್ಯಿನಿಯರ ಗುಣಸ್ಥಾನಗಳನ್ನು ಹೇಳುವ ಆ ಸೂತ್ರದಲ್ಲಿ ‘ಸಂಜದ’ ಪದವು ಹೊರಗಿನ ಪ್ರತಿಗಳಲ್ಲಿ ಇರಲಿಲ್ಲ. ಟೀಕೆಯ ಧಾಟಿಯನ್ನು ನೋಡಿದರೆ ಆ ಪದ ಬಿಟ್ಟುಹೋದಂತೆ ತೋರುತ್ತದೆಯೆಂದು ಸಂಪಾದಕರು ಮೊದಲ ಸಂಪುಟದಲ್ಲಿ ಅಡಿಟಿಪ್ಪಣಿ ಕೊಟ್ಟರು. ಪದ ಇದ್ದರೆ ಸೂತ್ರವು ಭಾವಸ್ತ್ರೀಯನ್ನು ಕುರಿತದ್ದೆಂದು ಅರ್ಥ ಹೊಂದಿಸಬೇಕು. ಇಲ್ಲದಿದ್ದರೆ ದ್ರವ್ಯಸ್ತ್ರೀಯನ್ನು ಕುರಿತದ್ದೆಂದೂ ಹೇಳಬಹುದು. ಸ್ತ್ರೀಮುಕ್ತಿಯ ಪ್ರಶ್ನೆಗೆ ತಾಗುವ ಈ ಪದದ ಬಗ್ಗೆ ಪತ್ರಿಕೆಗಳಲ್ಲಿ ಖಂಡನೆ ಪ್ರತಿಖಂಡನೆಗಳು ವರ್ಷಗಟ್ಟಲೆ ನಡೆದವು. ಆಚಾರ್ಯ ಶಾಂತಿಸಾಗರ ಮಹಾರಾಜರ ಪ್ರೇರಣೆಯಿಂದ ಸಿದ್ಧಾಂತಗ್ರಂಥಗಳನ್ನು ತಾಮ್ರಪಟಗಳ ಮೇಲೆ ಕೆತ್ತಿಸುವ ಕಾರ್ಯ ಆರಂಭವಾದಾಗ, ಆ ಪದವನ್ನು ಕೆತ್ತಬೇಕೇ ಬೇಡವೇ ಎಂಬುದು ದೊಡ್ಡ ವಿವಾದವೇ ಆಯಿತು. ತಾಮ್ರದಲ್ಲಿ ತಪ್ಪಿದರೆ ತಿದ್ದುವುದು ಸುಲಭವಲ್ಲವಷ್ಟೆ. ತರ್ಕದಿಂದ ಮುಗಿಯದ ಈ ವಿವಾದಕ್ಕೆ ಉತ್ತರವಿದ್ದುದು ಸಿದ್ಧಾಂತ ಬಸದಿಯಲ್ಲಿ. ತಾಡಪತ್ರವನ್ನು ತೆರೆದು ನೋಡಿದಾಗ ‘ಸಂಜದ’ ಪದ ಅಲ್ಲಿತ್ತು. ಹೊರಗೆ ಹತ್ತಾರು ಪ್ರತಿಗಳಿದ್ದರೂ ಸಾಕ್ಷ್ಯದ ತೂಕದಲ್ಲಿ ಅವೆಲ್ಲ ಒಂದೇ ಪ್ರತಿ. ಮೂಲದ ಗರಿ ಉಳಿಯದಿದ್ದಲ್ಲಿ ಸಂಪಾದಕರ ಊಹೆ ಊಹೆಯಾಗಿಯೇ ನಿಲ್ಲುತ್ತಿತ್ತು. ಮುಚ್ಚಿಟ್ಟವರಿಂದ ಆದ ನಷ್ಟವನ್ನು ಮಹಾಬಂಧದ ಪ್ರಸಂಗ ತೋರಿಸುತ್ತದೆಯಾದರೆ, ಕಾಪಾಡಿದವರಿಂದ ಆದ ಲಾಭವನ್ನು ಈ ಒಂದು ಪದ ತೋರಿಸುತ್ತದೆ. ಮುಚ್ಚಿಟ್ಟವರೂ ಕಾಪಾಡಿದವರೂ ಒಬ್ಬರೇ.

ಈ ಕಾಲದಲ್ಲಿ ಮೂಡಬಿದಿರೆಯು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳನ್ನು 1931ರಲ್ಲಿ ಪ್ರಕಟಿಸಿದುದು ಅದೇ ಮದರಾಸಿನಲ್ಲಿ. ಸಾರ್ವಜನಿಕ ಗ್ರಂಥಾಲಯಗಳ ಶಾಸನ ಬಂದುದು 1948ರಲ್ಲಿ. ಪುಸ್ತಕ ಇರುವುದು ಬಳಕೆಗಾಗಿ ಎಂಬುದು ಅವರ ಮೊದಲ ಸೂತ್ರದ ತಾತ್ಪರ್ಯ. ಸಿದ್ಧಾಂತ ಬಸದಿಗೆ ಆ ಶಾಸನದ ಸಂಬಂಧವೇನೂ ಇರಲಿಲ್ಲ. ಆದರೆ ಅದೇ 1948ರಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚೀ’ ಜ್ಞಾನಪೀಠದಿಂದ ಪ್ರಕಟವಾಗಿ, ಮೂಡಬಿದಿರೆಯ ಜೈನಮಠ, ಜೈನ ಸಿದ್ಧಾಂತಭವನ, ಸಿದ್ಧಾಂತ ಬಸದಿಗಳಲ್ಲದೆ ಕಾರ್ಕಳ, ಅಳಿಯೂರುಗಳ ಭಂಡಾರಗಳ ಗ್ರಂಥಗಳೂ ಹೆಸರು, ಕರ್ತೃ, ಗರಿಗಳ ಸಂಖ್ಯೆಗಳೊಡನೆ ಬೆಳಕಿಗೆ ಬಂದವು. ಬಿಹಾರದ ಆರಾ ಪಟ್ಟಣದ ಜೈನ ಸಿದ್ಧಾಂತ ಭವನದಲ್ಲಿ ಗ್ರಂಥಾಧ್ಯಕ್ಷರಾಗಿ ದುಡಿದ ಅನುಭವ ಶಾಸ್ತ್ರಿಗಳಿಗಿತ್ತು. ಗೋಡೆಯನ್ನು ಒಡೆಯದೆ, ಬಾಗಿಲನ್ನು ಅಗಲಿಸದೆ ಭಂಡಾರವನ್ನು ಸಾರ್ವಜನಿಕವಾಗಿಸುವ ಉಪಾಯವೊಂದಿದ್ದರೆ ಅದು ಸೂಚಿಯೇ. ಹತ್ತು ವರ್ಷ ಮೊದಲು ಇಂಥ ಸೂಚಿಯಿದ್ದಿದ್ದರೆ ಮಹಾಬಂಧದ ವಿಷಯದಲ್ಲಿ ಸಂದೇಹಕ್ಕೆ ಎಡೆಯೇ ಇರುತ್ತಿರಲಿಲ್ಲ.

ಕಲ್ಲಿನ ಗೋಡೆಯ ಮೇಲೆ ಇಡುವ ಭರವಸೆಗೂ ಮಿತಿಯಿದೆ. 2013ರ ಜುಲೈ ತಿಂಗಳಿನಲ್ಲಿ ಇದೇ ಬಸದಿಯಿಂದ ಅಮೂಲ್ಯವಾದ ಚಿಕ್ಕ ಜಿನಬಿಂಬಗಳು ಕಳವಾದವು. ಶತಮಾನಗಳಿಂದ ಒಂದೇ ಮಾಡಿನಡಿ, ಒಂದೇ ದರ್ಶನದ ಅಂಗಗಳಾಗಿದ್ದವು ಬಿಂಬಗಳೂ ಗ್ರಂಥಗಳೂ. ಬಿಂಬಕ್ಕೆ ಪ್ರತಿಯಿಲ್ಲ. ಧವಲಕ್ಕಾದರೆ 16 ಸಂಪುಟಗಳ ಮುದ್ರಿತ ಆವೃತ್ತಿಯಿದೆ, ಜಯಧವಲಕ್ಕೆ 1944ರಲ್ಲಿ ಮಥುರೆಯಲ್ಲಿ ಆರಂಭವಾದ ಆವೃತ್ತಿಯಿದೆ, ತಾಮ್ರಪಟಗಳಿವೆ.

ಇನ್ನು ಆಗಬೇಕಾಗಿರುವ ಕೆಲಸವನ್ನು ಕುರಿತು ಒಂದು ಮಾತು. ಮುದ್ರಿತ ಆವೃತ್ತಿಗಳು ಬಂದ ಮೇಲೆ 1896ರಿಂದ 1922ರ ವರೆಗಿನ ಮೂಡಬಿದಿರೆಯ ಪ್ರತಿಗಳನ್ನು, ವಿಶೇಷವಾಗಿ ದೇವರಾಜ ಶ್ರೇಷ್ಠಿ ಮೊದಲಾದವರ ಕನ್ನಡ ಪ್ರತಿಯನ್ನು, ಕೆಲಸ ಮುಗಿದ ಸಾಧನವೆಂದು ಬದಿಗಿಡುವುದು ಸರಿಯಲ್ಲ. ಗರಿಯ ಅಂಚು ವರ್ಷದಿಂದ ವರ್ಷಕ್ಕೆ ಮುರಿಯುತ್ತದೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಗರಿಗಳು ಈಗಿನದಕ್ಕಿಂತ ಪೂರ್ಣವಾಗಿದ್ದಾಗ, ಮೂಲವನ್ನು ಎದುರಿಗಿಟ್ಟುಕೊಂಡು ನೇರವಾಗಿ ಬರೆದ ಪ್ರತಿಗಳವು. ಸಹಾರನಪುರದ ಸಂತಾನಕ್ಕೆ ಅವು ಸೇರಿದವಲ್ಲ. ಈಚೆಗೆ ತ್ರುಟಿತವಾದ ಸ್ಥಳಗಳಲ್ಲಿ ಪಾಠವನ್ನು ತುಂಬಿಕೊಡುವ ಸಾಮರ್ಥ್ಯ ಅವುಗಳಿಗಿದೆ. ಧವಲದ ಮೂರು ತಾಡಪತ್ರ ಪ್ರತಿಗಳ ಜೊತೆಗೆ ಈ ಕಾಗದದ ಪ್ರತಿಗಳನ್ನೂ ಗರಿಗರಿಯಾಗಿ ಹೋಲಿಸಿ ಪಾಠಾಂತರಗಳ ಪಟ್ಟಿಯೊಂದನ್ನು ಸಿದ್ಧಪಡಿಸಬೇಕು. ಪಟ್ಟಿಯ ಆರಂಭಕ್ಕೆ 93ನೆಯ ಸೂತ್ರವಿರುವ ಗರಿಯೇ ತಕ್ಕುದು. ಆ ಪದವನ್ನು ಕನ್ನಡ ಪ್ರತಿಕಾರನು ಹೇಗೆ ಓದಿದ್ದನೆಂಬುದು ಅದರಿಂದ ಗೊತ್ತಾಗುತ್ತದೆ.